ಕುದಿಸಿ ಡಬ್ಬಿಗೆ ಹಾಕಿದ ನಿಪ್ಪಲ್‌ನಲ್ಲಿ ಕಪ್ಪು ಚುಕ್ಕೆ: ತೊಳೆಯುವುದರಲ್ಲಿ ತಪ್ಪೋ, ಇಡುವುದರಲ್ಲಿ ತಪ್ಪೋ?

ಮೂರು ತಿಂಗಳ ಮಗಳ ತಾಯಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಮೂರು ತಿಂಗಳು ತುಂಬಿದೆ. ಮಲಗಿಸುವ ಹೊತ್ತಿಗೆ ಮಾತ್ರ ಚೀಪುವ ನಿಪ್ಪಲ್ ಕೊಡುತ್ತೇವೆ. ಅಂಗಡಿಯವರು ಇದನ್ನು ಪ್ಯಾಸಿಫೈಯರ್ ಎನ್ನುತ್ತಾರೆ. ನಮ್ಮ ಅತ್ತೆಯವರ ಬಾಯಲ್ಲಿ ಅದು ‘ಚೀಪೋ ರಬ್ಬರು’. ಮನೆಯಲ್ಲಿ ಒಟ್ಟು ಮೂರು ಇವೆ. ಪ್ರತಿದಿನ ಸಂಜೆ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಅದರಲ್ಲಿ ಹತ್ತು ನಿಮಿಷ ಬಿಟ್ಟು, ತೆಗೆದ ಕೂಡಲೇ ಅವುಗಳ ಜೊತೆಗೇ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯಾಗಿ ಮುಚ್ಚುತ್ತಿದ್ದೆ. ಧೂಳು ಹೋಗಬಾರದೆಂಬುದು ನನ್ನ ಉದ್ದೇಶವಾಗಿತ್ತು. ನಿನ್ನೆ ಬೆಳಕಿಗೆ ಹಿಡಿದು ನೋಡಿದಾಗ ಒಂದರ ಬುಡದಲ್ಲಿ, ರಬ್ಬರು ಮತ್ತು ಪ್ಲಾಸ್ಟಿಕ್ ಬಿಲ್ಲೆ ಸೇರುವ ಸಂದಿಯಲ್ಲಿ, ಸಾಸಿವೆಗಿಂತಲೂ ಸಣ್ಣ ಕಪ್ಪು ಚುಕ್ಕೆಗಳು ಕಂಡವು. ಮುಚ್ಚಳ ತೆಗೆದರೆ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ಮೂರರ ಮೇಲೂ ಬಿಳಿ ಪುಡಿಯಂಥ ಪದರ ಬೇರೆ.

ನಾನು ದಿನವೂ ಕುದಿಸುತ್ತಿರುವಾಗ ಇದು ಹೇಗಾಯಿತು? ಆ ಬಿಳಿ ಪದರದಿಂದ ಮಗುವಿಗೆ ತೊಂದರೆ ಇದೆಯೇ? ನೆಲಕ್ಕೆ ಬಿದ್ದರೆ ಅತ್ತೆಯವರು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗಿಡುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ ಇದನ್ನು ಹೇಗೆ ತಪ್ಪಿಸಬೇಕೆಂಬುದನ್ನೂ ದಯವಿಟ್ಟು ಹೇಳಿ.

ನಿವೃತ್ತ ನರ್ಸ್, ಶಿವಮೊಗ್ಗ

ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ನೀವು ಕುದಿಸಿದ್ದರಲ್ಲಿ ತಪ್ಪಿಲ್ಲ, ಒದ್ದೆಯಾಗಿಯೇ ಮುಚ್ಚಿಟ್ಟದ್ದರಲ್ಲಿ ತಪ್ಪಿದೆ. ಬಿಸಿಬಿಸಿಯಾದ ಒದ್ದೆ ವಸ್ತುವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಆವಿ ಒಳಗೇ ತಣಿದು ಮುಚ್ಚಳದಿಂದ ಹನಿಯಾಗಿ ಇಳಿಯುತ್ತದೆ. ಕತ್ತಲೆ, ತೇವ, ಬೆಚ್ಚಗಿನ ಗಾಳಿ, ಜೊತೆಗೆ ಸಂದಿಯಲ್ಲಿ ಉಳಿದ ಒಂದಿಷ್ಟು ಜೊಲ್ಲು ಅಥವಾ ಹಾಲಿನ ಅಂಶ: ಬೂಷ್ಟಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿಲ್ಲ. ಕಪ್ಪು ಚುಕ್ಕೆ ಬಂದಿರುವ ನಿಪ್ಪಲನ್ನು ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ, ಎಸೆದುಬಿಡಿ. ಮೇಲಿನ ಕಲೆ ಹೋದರೂ ಸಂದಿಯೊಳಗೆ ಇಳಿದದ್ದು ಹೋಗುವುದಿಲ್ಲ. ಡಬ್ಬಿಯನ್ನು ಕುದಿಯುವ ನೀರಿನಲ್ಲಿಡಬಹುದೆಂದು ಅದರ ಮೇಲೆ ಬರೆದಿಲ್ಲದಿದ್ದರೆ ಅದೂ ಬೇಡ.

ಇನ್ನು ಕ್ರಮದ ಮಾತು. ಕುದಿಸುವುದಕ್ಕಿಂತ ಮೊದಲು ತೊಳೆಯಬೇಕು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಜೊಲ್ಲು ಒಣಗಿ ಅಂಟಿಕೊಂಡಿದ್ದರೆ ಅದರಡಿಯಲ್ಲಿ ರೋಗಾಣುಗಳಿಗೆ ಮರೆ ಸಿಗುತ್ತದೆ. ನಿಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಂಡು, ನಿಪ್ಪಲನ್ನು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೌಮ್ಯವಾದ ದ್ರವದಿಂದ ಉಜ್ಜಿ, ಅದಕ್ಕೆಂದೇ ಇಟ್ಟ ಸಣ್ಣ ಬ್ರಶ್ಶಿನಿಂದ ಸಂದಿಯನ್ನು ಸ್ವಚ್ಛ ಮಾಡಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಆಮೇಲೆ ಅದು ಪೂರ್ತಿ ಮುಳುಗುವಷ್ಟು ನೀರಿನಲ್ಲಿ, ಒಳಗೆ ಗಾಳಿಗುಳ್ಳೆ ನಿಲ್ಲದಂತೆ ನೋಡಿಕೊಂಡು ಕುದಿಸಬೇಕು. ನೀರು ಮರಳತೊಡಗಿದ ಮೇಲೆ ನಿಮಿಷ ಎಣಿಸಿ, ಪಾತ್ರೆ ಒಲೆಗಿಟ್ಟಾಗಿನಿಂದ ಅಲ್ಲ. ಅಮೆರಿಕದವರು ಐದು ನಿಮಿಷ ಸಾಕೆನ್ನುತ್ತಾರೆ, ಬ್ರಿಟನ್ನಿನವರು ಕನಿಷ್ಠ 10 ನಿಮಿಷ ಎನ್ನುತ್ತಾರೆ. ನಾನು ಹತ್ತರ ಕಡೆಯವಳು.

ತೆಗೆದ ಮೇಲೆ ತಣಿಯಲು ಬಿಟ್ಟು, ಗುಳ್ಳೆಯನ್ನು (ಮಗು ಚೀಪುವ ಮೆದು ಭಾಗವನ್ನು) ಎರಡು ಬೆರಳಿನಿಂದ ಹಿಸುಕಿ ಒಳಗೆ ಸೇರಿಕೊಂಡ ನೀರನ್ನು ಹೊರಹಾಕಿ. ಈ ನೀರು ಸುಡುತ್ತಿರುತ್ತದೆ. ತಣಿಯದೆ ಮಗುವಿನ ಬಾಯಿಗಿಟ್ಟರೆ ನಾಲಿಗೆ ಸುಡುವುದು ಖಂಡಿತ. ಬಳಿಕ ಬಟ್ಟೆಯಿಂದ ಒರೆಸದೆ, ತೊಳೆದ ಸ್ಟೀಲ್ ಜಾಲರಿಯ ಮೇಲೆ ಬಾಯಿ ಕೆಳಗಾಗಿ ಇಟ್ಟು ಗಾಳಿಗೆ ಒಣಗಿಸಿ. ಅಡಿಗೆಮನೆಯ ಒರೆಸುವ ಬಟ್ಟೆಯಷ್ಟು ರೋಗಾಣು ಮನೆಯ ಇನ್ಯಾವ ವಸ್ತುವಿನಲ್ಲೂ ಇರಲಿಕ್ಕಿಲ್ಲ ಎಂದು ನಾವು ವಾರ್ಡಿನಲ್ಲಿ ತಮಾಷೆಗೆ ಹೇಳಿಕೊಳ್ಳುತ್ತಿದ್ದೆವು. ಸಂಪೂರ್ಣ ಒಣಗಿದ ಮೇಲಷ್ಟೇ ಡಬ್ಬಿಗೆ.

ರಸಾಯನಶಾಸ್ತ್ರದ ಮೇಷ್ಟ್ರು, ಕೋಲಾರ

ಬಿಳಿ ಪದರದ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಪ್ರತಿ ಮನೆಯ ಕೆಟಲ್ಲು, ಗೀಸರು, ನಲ್ಲಿಯ ತುದಿ ಎಲ್ಲವೂ ಇದಕ್ಕೆ ಸಾಕ್ಷಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ನೀರು ಕುದಿದಾಗ ಅದು ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಪಾತ್ರೆಗೂ ನಿಪ್ಪಲಿಗೂ ಕೂರುತ್ತದೆ. ಸುಣ್ಣದಕಲ್ಲಿನಲ್ಲಿ ಇರುವುದೂ ಇದೇ. ಇದು ವಿಷವಲ್ಲ. ಆದರೆ ನುಣುಪಾದ ಮೇಲ್ಮೈಯನ್ನು ಒರಟು ಮಾಡುತ್ತದೆ, ಒರಟಾದಲ್ಲಿ ಕೊಳೆ ನಿಲ್ಲುತ್ತದೆ. ಆದ್ದರಿಂದ ಕುದಿಸಲು ಗಡಸುತನ ತೆಗೆಯುವ ಆರ್‌ಒ ಫಿಲ್ಟರಿನ ನೀರನ್ನೇ ಬಳಸಿ. ಅರ್ಧ ಲೀಟರು ಸಾಕಾಗುತ್ತದೆ. ಈಗಾಗಲೇ ಕೂತಿರುವ ಪದರಕ್ಕೆ ನಿಂಬೆರಸ ಹಿಂಡಿದ ನೀರಿನಲ್ಲಿ ಅಥವಾ ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆದು, ನಂತರ ಎಂದಿನಂತೆ ಕುದಿಸಿ. ಒಂದು ಎಚ್ಚರ: ನಿಂಬೆರಸವೂ ವಿನೆಗರೂ ಸುಣ್ಣವನ್ನು ಕರಗಿಸುತ್ತವೆಯೇ ಹೊರತು ಕುದಿಸುವುದಕ್ಕೆ ಬದಲಿಯಲ್ಲ. ವಿನೆಗರನ್ನು ಬ್ಲೀಚಿನೊಂದಿಗೆ ಎಂದಿಗೂ ಬೆರೆಸಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ.

ಪಾಠದ ಚಟ ಬಿಡದು, ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಇದರಿಂದ ಗಾಬರಿಯಾಗಬೇಕಿಲ್ಲ. ಮಗುವಿಗೆ ಸಾಮಾನ್ಯವಾಗಿ ಭೇದಿ ತರುವ ರೋಗಾಣುಗಳು ಇದಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಸಾಯುತ್ತವೆ.

ರಾತ್ರಿ ಪಾಳಿಯ ಅಪ್ಪ, ಹುಬ್ಬಳ್ಳಿ

ನಾವು ಇಡ್ಲಿ ಪಾತ್ರೆಯನ್ನೇ ಬಳಸುತ್ತೇವೆ. ತಟ್ಟೆಯ ಗುಳಿಯಲ್ಲಿ ಒಂದೊಂದು ನಿಪ್ಪಲ್ ಕೂರಿಸಿ, ಹಬೆ ಬರಲು ಆರಂಭವಾದ ಮೇಲೆ ಹತ್ತು ನಿಮಿಷ ಬಿಟ್ಟು ಒಲೆ ಆರಿಸುತ್ತೇವೆ. ಸುಣ್ಣದ ಪದರ ಕೂರುವುದಿಲ್ಲ, ತಳ ಹತ್ತಿ ಕರಗುವ ಭಯವೂ ಇಲ್ಲ. ಅಂಗಡಿಯ ವಿದ್ಯುತ್ ಸ್ಟೆರಿಲೈಸರ್ ಮಾಡುವುದೂ ಹಬೆಯ ಕೆಲಸವನ್ನೇ ಎಂದು ತಿಳಿದ ಮೇಲೆ ಅದನ್ನು ಕೊಳ್ಳುವ ಯೋಚನೆ ಬಿಟ್ಟೆವು. ಆ ತಟ್ಟೆಯನ್ನು ಮಾತ್ರ ಬೇರೆ ಇಟ್ಟಿದ್ದೇವೆ. ಹಿಂದಿನ ದಿನದ ಹಿಟ್ಟಿನ ಅಂಟು ಇರುವ ತಟ್ಟೆಯಲ್ಲಿ ಇಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ನಿವೃತ್ತ ನರ್ಸ್, ಶಿವಮೊಗ್ಗ

ಬಹಳ ಒಳ್ಳೆಯ ಉಪಾಯ. ಸಿಲಿಕೋನ್ ನಿಪ್ಪಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಹಳದಿ-ಕಂದು ಬಣ್ಣದ ಲೇಟೆಕ್ಸ್ ನಿಪ್ಪಲ್ ಆಗಿದ್ದರೆ ಪದೇಪದೇ ಶಾಖ ತಾಗಿ ಬೇಗ ಉಬ್ಬುತ್ತದೆ, ಅಂಟಂಟಾಗುತ್ತದೆ, ಆಗ ಅದನ್ನು ಬದಲಿಸಲೇಬೇಕು. ಪಾರದರ್ಶಕವಾದ ಸಿಲಿಕೋನ್ ಶಾಖ ತಡೆಯುತ್ತದೆ, ಆದರೆ ಹಲ್ಲು ಬಂದ ಮಗು ಕಚ್ಚಿದರೆ ಹರಿಯುತ್ತದೆ. ಯಾವುದೇ ಆದರೂ ಬಾಯಿಗಿಡುವ ಮೊದಲು ಪ್ರತಿ ಸಲ ಎಲ್ಲ ದಿಕ್ಕಿಗೂ ಜಗ್ಗಿ ನೋಡಿ. ಸಣ್ಣ ಸೀಳು ಕಂಡರೂ ಅಂದೇ ಎಸೆಯಿರಿ. ತುಂಡು ಕಿತ್ತು ಗಂಟಲಿಗೆ ಹೋದರೆ ಸ್ವಚ್ಛತೆಯ ಚರ್ಚೆಗೆ ಅರ್ಥವಿಲ್ಲ. ಮುಂದಿನ ಸಲ ಕೊಳ್ಳುವಾಗ ಬುಡದಲ್ಲಿ ಸಂದಿಯೇ ಇಲ್ಲದ, ಒಂದೇ ತುಂಡಾಗಿ ಎರಕ ಹೊಯ್ದ ಸಿಲಿಕೋನಿನದನ್ನು ಆರಿಸಿಕೊಳ್ಳಿ. ನಿಮ್ಮ ಕಪ್ಪು ಚುಕ್ಕೆಯ ಸಮಸ್ಯೆ ಅರ್ಧ ಅಲ್ಲೇ ಮುಗಿಯುತ್ತದೆ.

ಮಲೆನಾಡಿನ ತಾಯಿ, ಹೊಸನಗರ ತಾಲ್ಲೂಕು

‘ಗಾಳಿಗೆ ಒಣಗಿಸಿ’ ಎಂದು ಬಯಲುಸೀಮೆಯವರು ಸುಲಭವಾಗಿ ಹೇಳಬಹುದು. ಜುಲೈ ತಿಂಗಳಿನಲ್ಲಿ ನಮ್ಮಲ್ಲಿ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಚಪ್ಪಲಿಯ ಮೇಲೂ ಬೂಷ್ಟು, ಗೋಡೆಯ ಮೇಲೂ ಬೂಷ್ಟು. ಒಣಗಿಸಿ ಇಡುವ ಪ್ರಯತ್ನದಲ್ಲಿ ಎರಡು ಸಲ ಸೋತ ಮೇಲೆ ನಾನು ಇಡುವುದನ್ನೇ ಬಿಟ್ಟೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಆ ಹೊತ್ತಿಗೆ ಬೇಕಾಗುವ ಎರಡನ್ನು ಮಾತ್ರ ಕುದಿಸಿ, ನೀರನ್ನು ಬಸಿದು, ಅದೇ ಪಾತ್ರೆಯಲ್ಲೇ ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ ಬಿಡುತ್ತೇನೆ. ಪಾತ್ರೆಯ ಬಿಸಿಗೆ ಹನಿಗಳು ಬಹುಮಟ್ಟಿಗೆ ಆರಿಹೋಗುತ್ತವೆ. ಬಳಸದೆ ಉಳಿದದ್ದು ಮುಂದಿನ ಸರದಿಯಲ್ಲಿ ಮತ್ತೆ ಕುದಿಯುತ್ತದೆ. ನಾಲ್ಕು ದಿನಕ್ಕೆ ಕೂಡಿಡುವ ವಸ್ತುವೇ ಅದಲ್ಲ ಎಂದು ಒಪ್ಪಿಕೊಂಡ ಮೇಲೆ ತಲೆನೋವು ಕಡಿಮೆಯಾಯಿತು.

ಯಾರೂ ಹೇಳದ ಇನ್ನೊಂದು ಕಾಟವಿದೆ, ಇರುವೆ. ಹಾಲು ಕುಡಿದ ಬಾಯಿಂದ ಬಂದ ನಿಪ್ಪಲನ್ನು ಮಂಚದ ಬದಿಯಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಸಾಲು ಹಿಡಿದಿರುತ್ತದೆ, ಗುಳ್ಳೆಯೊಳಗೆ ಹೊಕ್ಕಿದ್ದು ಕತ್ತಲಲ್ಲಿ ಕಾಣುವುದೂ ಇಲ್ಲ. ಕುದಿಸಿದ ಆ ಪಾತ್ರೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲು ಬೋರಲಿಟ್ಟು ಅದರ ಮೇಲೆ ಇಡುತ್ತೇನೆ, ಸಕ್ಕರೆ ಡಬ್ಬಿಗೆ ನಮ್ಮ ಅಮ್ಮ ಮಾಡುತ್ತಿದ್ದ ಹಾಗೆಯೇ.

ಮೊಮ್ಮಕ್ಕಳ ಅಜ್ಜಿ, ಮೈಸೂರು

ನಿಮ್ಮೆಲ್ಲರ ಶ್ರದ್ಧೆ ಕಂಡು ಸಂತೋಷವಾಯಿತು, ಆದರೆ ಒಂದು ಸಂದೇಹ. ನಾವು ಮಕ್ಕಳಿಗೆ ಒಳಲೆಯಲ್ಲಿ ಹಾಲು ಹಾಕಿದೆವು, ಕೈಗೆ ಬಜೆ ಕಟ್ಟಿದೆವು, ಮಗು ಅದನ್ನೇ ಚೀಪಿಕೊಂಡು ಮಲಗುತ್ತಿತ್ತು. ನನ್ನ ಕೊನೆಯ ಮಗನಿಗೆ ರಬ್ಬರಿನ ನಿಪ್ಪಲ್ ಕೊಟ್ಟಾಗ ಕಳೆದುಹೋಗದಿರಲೆಂದು ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿದ್ದೆ. ಹಟ ಮಾಡಿದಾಗ ಒಂದು ತೊಟ್ಟು ಜೇನುತುಪ್ಪಕ್ಕೆ ಅದ್ದಿ ಬಾಯಿಗಿಡುತ್ತಿದ್ದೆ. ಕುದಿಸಿದ ನೆನಪಂತೂ ಇಲ್ಲ. ಅವನಿಗೀಗ ನಲವತ್ತು ವರ್ಷ, ಗಟ್ಟಿಮುಟ್ಟಾಗಿದ್ದಾನೆ. ಇಷ್ಟೆಲ್ಲ ಮಾಡುವುದಕ್ಕಿಂತ ಆ ರಬ್ಬರನ್ನು ಕೊಡದೇ ಇರಬಹುದಲ್ಲವೇ?

ನಿವೃತ್ತ ನರ್ಸ್, ಶಿವಮೊಗ್ಗ

ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸ್ತನ್ಯಪಾನದ ಹತ್ತು ಹೆಜ್ಜೆಗಳಲ್ಲಿ 1989ರಲ್ಲಿ ಎದೆಹಾಲು ಕುಡಿಯುವ ಕೂಸಿಗೆ ಇಂಥ ನಿಪ್ಪಲ್ ಬೇಡವೆಂದೇ ಇತ್ತು; 2018ರಲ್ಲಿ ಅದನ್ನು ಬದಲಿಸಿ, ಬಾಟಲಿ ಮತ್ತು ನಿಪ್ಪಲುಗಳ ಬಳಕೆ ಹಾಗೂ ಅಪಾಯಗಳನ್ನು ತಾಯಿಗೆ ತಿಳಿಸಿ ಹೇಳಬೇಕು ಎಂದು ಮಾಡಿದರು. ಇನ್ನೊಂದು ಕಡೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಎದೆಹಾಲು ಕುಡಿಯುವುದು ಚೆನ್ನಾಗಿ ಕುದುರಿದ ಮೇಲೆ ನಿದ್ದೆಯ ಹೊತ್ತಿಗೆ ಇದನ್ನು ಕೊಡಬಹುದು, ನಿದ್ದೆಯಲ್ಲಿ ಶಿಶು ಹಠಾತ್ತನೆ ತೀರಿಕೊಳ್ಳುವ ಅಪಾಯ ಇದರಿಂದ ತಗ್ಗುತ್ತದೆ ಎನ್ನುತ್ತದೆ. ಕೊಡುವುದೂ ಬಿಡುವುದೂ ಆಯಾ ತಾಯಿಯ ನಿರ್ಧಾರ. ಕೊಟ್ಟರೆ ಶುದ್ಧವಾಗಿ ಕೊಡಬೇಕು ಎಂಬುದಷ್ಟೇ ಇಲ್ಲಿನ ಮಾತು.

ಆದರೆ ಎರಡು ವಿಷಯಗಳಲ್ಲಿ ನಿಮ್ಮನ್ನು ಒಪ್ಪಲಾರೆ, ಕ್ಷಮಿಸಿ. ಕೊರಳಿಗೆ ದಾರ ಕಟ್ಟಲೇಬಾರದು. ತೊಟ್ಟಿಲಿನ ಕೊಂಡಿಗೋ ಮಂಚದ ಮೂಲೆಗೋ ಸಿಕ್ಕಿಕೊಂಡರೆ ಅದು ಉರುಳಾಗುತ್ತದೆ. ಬಟ್ಟೆಗೆ ಸಿಕ್ಕಿಸುವ ಪಟ್ಟಿಯೂ ಚಿಕ್ಕದಿರಬೇಕು (ಯೂರೋಪಿನ ನಿಯಮದಲ್ಲಿ ಅದರ ಉದ್ದ 22 ಸೆಂಟಿಮೀಟರ್ ಮೀರಬಾರದು), ಮಲಗಿಸುವಾಗ ಅದನ್ನೂ ತೆಗೆಯಬೇಕು. ಇನ್ನು ಜೇನುತುಪ್ಪ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸುತ್ತವೆ. ಮಗು ಚೀಪಲಾರದೆ, ಕತ್ತು ನಿಲ್ಲಿಸಲಾರದೆ ಸೋತುಬಿಡುತ್ತದೆ. 2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಶಿಶುಗಳಿಗೆ ಹೀಗಾದಾಗ, ಆ ನಾಲ್ವರೂ ಜೇನುತುಪ್ಪ ತುಂಬಿದ ನಿಪ್ಪಲ್ ಚೀಪಿದ್ದರು ಎಂಬುದು ಹೊರಬಂತು. ಈ ಬೀಜಾಣುಗಳು ಮನೆಯಲ್ಲಿ ಕುದಿಸಿದರೂ ಸಾಯುವುದಿಲ್ಲ, ಹಾಗಾಗಿ ‘ಜೇನನ್ನು ಬಿಸಿ ಮಾಡಿ ಹಚ್ಚುತ್ತೇವೆ’ ಎಂಬ ಸಮಾಧಾನವೂ ನಡೆಯದು. ಬಜೆಯ ತುಂಡನ್ನೂ ಬಾಯಿಗೆ ಹೋಗುವಂತೆ ಕಟ್ಟುವುದು ಬೇಡ.

ಮೊಮ್ಮಕ್ಕಳ ಅಜ್ಜಿ, ಮೈಸೂರು

ಜೇನುತುಪ್ಪದ ವಿಷಯ ನನಗೆ ಗೊತ್ತಿರಲಿಲ್ಲ. ಸೊಸೆ ಬೇಡವೆಂದಾಗ ನಾನೇ ಬೇಸರ ಮಾಡಿಕೊಂಡಿದ್ದೆ.

ಕನ್ನಡತಿ, ಲೆಸ್ಟರ್

ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಇದರ ಹೆಸರು ಡಮ್ಮಿ. ಬಾಣಂತನದ ಮೊದಲ ವಾರ ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ ‘ಮಿಲ್ಟನ್‌ನಲ್ಲಿ ಹಾಕಿಡಿ’ ಎಂದಾಗ, ಊರಿನಿಂದ ತಂದಿದ್ದ ಮಿಲ್ಟನ್ ಫ್ಲಾಸ್ಕಿನೊಳಗೆ ನಿಪ್ಪಲ್ ಹಾಕಿ ಮುಚ್ಚಿಟ್ಟ ಪುಣ್ಯಾತ್ಗಿತ್ತಿ ನಾನು. ಇಲ್ಲಿ ಅದೇ ಹೆಸರಿನಲ್ಲಿ ಸೋಂಕು ನಿವಾರಕ ದ್ರವ ಮತ್ತು ಮಾತ್ರೆಗಳು ಸಿಗುತ್ತವೆ ಎಂಬುದು ಮರುದಿನ ಗೊತ್ತಾಯಿತು. ತಣ್ಣೀರಿಗೆ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಅದನ್ನು ಬೆರೆಸಿ, ತೊಳೆದ ನಿಪ್ಪಲನ್ನು ಗಾಳಿಗುಳ್ಳೆ ಇಲ್ಲದಂತೆ ಪೂರ್ತಿ ಮುಳುಗಿಸಿ ಕನಿಷ್ಠ 30 ನಿಮಿಷ ಬಿಡಬೇಕು, ದ್ರಾವಣವನ್ನು 24 ಗಂಟೆಗೊಮ್ಮೆ ಬದಲಿಸಬೇಕು. ಬೇಕೆನಿಸುವವರೆಗೆ ಅದರಲ್ಲೇ ಮುಳುಗಿರಲು ಬಿಡಬಹುದಾದ್ದರಿಂದ ಒಣಗಿಸಿ ಇಡುವ ಪ್ರಶ್ನೆಯೇ ಬರುವುದಿಲ್ಲ. ಹೊಸನಗರದ ತಾಯಿಯವರಿಗೆ ಮಳೆಗಾಲದಲ್ಲಿ ಇದು ಅನುಕೂಲವಾಗಬಹುದು. ಮಗಳ ನಾಮಕರಣಕ್ಕೆ ದಾವಣಗೆರೆಗೆ ಬಂದಾಗ ಮಾತ್ರೆಗಳನ್ನು ತಂದಿದ್ದೆ. ರೈಲಿನಲ್ಲಿ, ಕಲ್ಯಾಣ ಮಂಟಪದಲ್ಲಿ ಒಲೆ ಹುಡುಕುವ ಕೆಲಸ ತಪ್ಪಿತು.

ಇಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯವರು ಮಗುವಿಗೆ 12 ತಿಂಗಳಾಗುವವರೆಗೂ ಯಾವುದಾದರೊಂದು ರೀತಿಯಲ್ಲಿ ರೋಗಾಣುಮುಕ್ತ ಮಾಡಿ ಎನ್ನುತ್ತಾರೆ. ಅಮೆರಿಕದಲ್ಲಿರುವ ನನ್ನ ತಂಗಿಗೆ ಆರು ತಿಂಗಳ ನಂತರ ಸೋಪು ಮತ್ತು ಬಿಸಿನೀರು ಸಾಕು ಎಂದಿದ್ದಾರೆ.

ಮೂರು ತಿಂಗಳ ಮಗಳ ತಾಯಿ, ಬೆಂಗಳೂರು

ನಮ್ಮ ಮನೆಯಲ್ಲಿ ಡೆಟಾಲ್ ಇದೆ. ಅದನ್ನು ಬಳಸಬಹುದೇ?

ನಿವೃತ್ತ ನರ್ಸ್, ಶಿವಮೊಗ್ಗ

ಬೇಡವೇ ಬೇಡ. ಅದು ಗಾಯ ಮತ್ತು ನೆಲಕ್ಕೆ, ಬಾಯಿಗಿಡುವ ವಸ್ತುವಿಗಲ್ಲ. ಮಗುವಿನ ವಸ್ತುಗಳಿಗೆಂದೇ ಬರೆದಿರುವ ಮಾತ್ರೆ ಸಿಗದಿದ್ದರೆ ಕುದಿಸುವುದೇ ಸರಿ. ವಯಸ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ನಮ್ಮ ನೀರನ್ನೂ ನಮ್ಮ ಸೆಕೆಯನ್ನೂ ನೋಡಿದರೆ ಮೊದಲ ಆರು ತಿಂಗಳು ದಿನವೂ ಕುದಿಸುವುದು ತಪ್ಪಿಸಬಾರದು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಇನ್ನೂ ಮುಂದುವರಿಸಬೇಕು. ಆ ನಂತರ ಮಗು ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವಾಗ ನಿಪ್ಪಲೊಂದನ್ನೇ ಕುದಿಸಿ ಉಪಯೋಗವಿಲ್ಲವೆಂಬ ವಾದದಲ್ಲೂ ಹುರುಳಿದೆ.

ಪ್ರಶ್ನೆ ಕೇಳುವವನು, ಮಂಗಳೂರು

ಬಿದ್ದ ನಿಪ್ಪಲನ್ನು ತಾಯಿ ತನ್ನ ಬಾಯಲ್ಲಿ ಚೀಪಿ ಮಗುವಿಗೆ ಕೊಟ್ಟರೆ ಅಲರ್ಜಿ ಕಡಿಮೆಯಾಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಇಷ್ಟೊಂದು ಶುದ್ಧಿಯೇ ಮಗುವಿಗೆ ಕೆಡುಕಲ್ಲವೇ?

ಮಕ್ಕಳ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ

ನೀವು ಓದಿದ್ದು ಸ್ವೀಡನ್ನಿನ ಯೋಥೆಬೋರಿಯಿಂದ 2013ರಲ್ಲಿ ಬಂದ ಅಧ್ಯಯನ ಇರಬೇಕು. 184 ಮಕ್ಕಳನ್ನು ನೋಡಿದಾಗ, ತಂದೆತಾಯಿಯರು ಬಾಯಲ್ಲಿಟ್ಟು ಶುದ್ಧ ಮಾಡಿಕೊಟ್ಟ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಇಸುಬು ಮತ್ತು ಉಬ್ಬಸ ಕಡಿಮೆ ಕಂಡವು. ಸಣ್ಣ ಅಧ್ಯಯನ ಅದು. ಒಂದರ ಜೊತೆ ಇನ್ನೊಂದು ಕಂಡಿತು ಎಂದಷ್ಟೇ ಹೇಳುತ್ತದೆ, ಇದರಿಂದಲೇ ಅದಾಯಿತು ಎಂದಲ್ಲ. 2021ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಇನ್ನೊಂದು ವರದಿಯಲ್ಲಿ, ಆರು ತಿಂಗಳ ವಯಸ್ಸಿನಲ್ಲಿ ನಿಪ್ಪಲನ್ನು ರಾಸಾಯನಿಕ ಸೋಂಕು ನಿವಾರಕದಲ್ಲಿ ಅದ್ದುತ್ತಿದ್ದ ಮನೆಗಳ ಮಕ್ಕಳಲ್ಲಿ ಆಹಾರದ ಅಲರ್ಜಿ ಹೆಚ್ಚಾಗಿತ್ತು. ಈ ಎರಡನ್ನೂ ಹಿಡಿದುಕೊಂಡು ಮೂರು ತಿಂಗಳ ಕೂಸಿನ ನಿಪ್ಪಲನ್ನು ಕುದಿಸದೆ ಬಿಡುವುದಕ್ಕೆ ಆಧಾರ ಸಾಲದು. ಆದರೆ ದೊಡ್ಡ ಮಗುವಿನ ವಿಷಯದಲ್ಲಿ ಎಲ್ಲಕ್ಕೂ ರಾಸಾಯನಿಕ ಸುರಿಯುವ ಅಭ್ಯಾಸವನ್ನು ಮರುಯೋಚಿಸಲು ಅವು ಸಾಕು. ತಾಯಿಯ ಬಾಯಿಂದ ಹಲ್ಲುಹುಳುಕಿನ ಬ್ಯಾಕ್ಟೀರಿಯಾ ಮಗುವಿಗೆ ದಾಟುವುದು ಮಾತ್ರ ಖಚಿತವಾಗಿ ತಿಳಿದಿರುವ ಸಂಗತಿ. ಮನೆಯಲ್ಲಿ ಯಾರಿಗಾದರೂ ನೆಗಡಿ, ಬಾಯಿಹುಣ್ಣು ಇದ್ದರಂತೂ ಈ ಪ್ರಯೋಗ ಬೇಡ.

ಇನ್ನೊಂದು ಸಂಗತಿ ಸೇರಿಸುತ್ತೇನೆ. ಮಗುವಿನ ನಾಲಿಗೆ ಅಥವಾ ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ತೇಪೆ ಕಂಡರೆ ಅದು ಹಾಲಿನ ಕರೆಯಲ್ಲ, ಕ್ಯಾಂಡಿಡಾ ಶಿಲೀಂಧ್ರ ಇರಬಹುದು. ಆಗ ವೈದ್ಯರಿಗೆ ತೋರಿಸಿ, ಔಷಧಿ ನಡೆಯುವಷ್ಟು ದಿನವೂ ಬಾಯಿಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ದಿನವೂ ಕುದಿಸಿ, ಗುಣವಾದ ಮೇಲೆ ಹಳೆಯ ನಿಪ್ಪಲುಗಳನ್ನು ಎಸೆಯಿರಿ. ತಾಯಿಯ ಮೊಲೆತೊಟ್ಟಿನಲ್ಲಿ ಉರಿ ಇದ್ದರೆ ಅದನ್ನೂ ಅದೇ ಭೇಟಿಯಲ್ಲಿ ಹೇಳಿ. ಇಲ್ಲದಿದ್ದರೆ ಸೋಂಕು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಹೊಸ ಅಪ್ಪ, ತುಮಕೂರು

ನೀಲಿ ಬೆಳಕಿನ ಯುವಿ (ಅತಿನೇರಳೆ ಕಿರಣದ) ಪೆಟ್ಟಿಗೆ ಕೊಂಡಿದ್ದೇವೆ. ಅದು ಸಾಕಾಗುವುದಿಲ್ಲವೇ?

ರಸಾಯನಶಾಸ್ತ್ರದ ಮೇಷ್ಟ್ರು, ಕೋಲಾರ

ಬೆಳಕು ಬಿದ್ದಲ್ಲಿ ಮಾತ್ರ ಅದರ ಕೆಲಸ. ಬಿಲ್ಲೆಯ ಹಿಂಬದಿ, ಸಂದಿ, ಗುಳ್ಳೆಯ ಒಳಗು, ಅಂದರೆ ಕೊಳೆ ಸೇರುವ ಜಾಗಗಳೆಲ್ಲ ನೆರಳಿನಲ್ಲೇ ಉಳಿಯುತ್ತವೆ. ತೊಳೆದು ಒಣಗಿಸಿದ್ದನ್ನು ಇಡುವ ಪೆಟ್ಟಿಗೆಯಾಗಿ ಬಳಸಿ, ದುಡ್ಡು ಪೂರ್ತಿ ವ್ಯರ್ಥವಾಗದು.

ಮೂರು ತಿಂಗಳ ಮಗಳ ತಾಯಿ, ಬೆಂಗಳೂರು

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಹಳೆಯ ಮೂರನ್ನೂ ಎಸೆದು, ಒಂದೇ ತುಂಡಿನ ಸಿಲಿಕೋನಿನ ಐದನ್ನು ತಂದೆ. ಫಿಲ್ಟರಿನ ನೀರಿನಲ್ಲಿ ಕುದಿಸುತ್ತಿರುವುದರಿಂದ ಬಿಳಿ ಪದರ ಕಂಡಿಲ್ಲ. ಒಣಗಿಸಲು ಟೀ ಸೋಸುವ ಹೊಸ ಸ್ಟೀಲ್ ಜಾಲರಿಯನ್ನು ಕಿಟಕಿಯ ಬಳಿ, ಸಿಂಕಿನಿಂದ ದೂರದಲ್ಲಿ ಇಟ್ಟಿದ್ದೇನೆ; ಎರಡು ಗಂಟೆಯಲ್ಲಿ ಪೂರ್ತಿ ಒಣಗುತ್ತವೆ. ಡಬ್ಬಿಯೂ ಈಗ ಸ್ಟೀಲಿನದೇ, ಅದನ್ನೂ ವಾರಕ್ಕೆರಡು ಸಲ ಕುದಿಸುತ್ತೇನೆ.

ಅತ್ತೆಯವರ ವಿಷಯ ಹೇಳಬೇಕು. ಸೆರಗಿನಲ್ಲಿ ಒರೆಸಬೇಡಿ ಎಂದು ನಾನು ಹೇಳಲೇ ಇಲ್ಲ. ಹಾಸಿಗೆಯ ಪಕ್ಕ ಎರಡು ಡಬ್ಬಿ ಇಟ್ಟು, ಮುಚ್ಚಳವಿರುವುದು ಶುದ್ಧವಾದವಕ್ಕೆ, ಮುಚ್ಚಳವಿಲ್ಲದ್ದು ಬಿದ್ದವಕ್ಕೆ ಎಂದಷ್ಟೇ ಹೇಳಿದೆ. ಕೈಗೆಟುಕುವಲ್ಲಿ ಇನ್ನೊಂದು ಸಿದ್ಧವಾಗಿರುವಾಗ ಅವರು ಒರೆಸುವ ಗೋಜಿಗೆ ಹೋಗುತ್ತಿಲ್ಲ. ಮೊನ್ನೆ ಪಕ್ಕದ ಮನೆಯವರು ಮಗುವನ್ನು ಎತ್ತಿಕೊಂಡು, ಕೆಳಗೆ ಬಿದ್ದದ್ದನ್ನು ಹೆಕ್ಕಿ ಬಾಯಿಗಿಡಲು ಹೋದಾಗ, ‘ಅದು ಮುಚ್ಚಳ ಇಲ್ಲದ ಡಬ್ಬಿಗೆ ಹಾಕಮ್ಮ’ ಎಂದು ಅವರೇ ತಡೆದರು. ಒಂದು ಸಂದೇಹ ಉಳಿದಿದೆ: ಈ ಐದನ್ನು ಎಷ್ಟು ದಿನಕ್ಕೆ ಬದಲಿಸಬೇಕು?

ನಿವೃತ್ತ ನರ್ಸ್, ಶಿವಮೊಗ್ಗ

ಪೊಟ್ಟಣದ ಮೇಲೆ ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳು ಎಂದಿರುತ್ತದೆ. ಬಣ್ಣ ಮಬ್ಬಾದರೆ, ಜಿಡ್ಡುಜಿಡ್ಡೆನಿಸಿದರೆ, ಆಕಾರ ಬಿಟ್ಟರೆ ಅಷ್ಟು ದಿನ ಕಾಯಬೇಡಿ. ತಂದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಹೊರಗೆ ಅಂಟಿಸಿಬಿಡಿ. ಆ ಡಬ್ಬಿಯ ಉಸ್ತುವಾರಿಯನ್ನು ನಿಮ್ಮ ಅತ್ತೆಯವರಿಗೇ ವಹಿಸಿ.